ಟೊಲೆಡೊಗೆ ಗೈಡ್ ಬೇಕು, ಒಂದೇ ದಿನಕ್ಕೆ ಎರಡು ಊರು ಬೇಡ

ನಮಸ್ಕಾರ. ಇವತ್ತಿನ ಮಾತು ಸ್ಪೇನ್‌ನ ಒಂದು ಹಳೇ ಊರಿನ ಬಗ್ಗೆ. ಹೆಸರು ಟೊಲೆಡೊ. ಮ್ಯಾಡ್ರಿಡ್‌ನಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್. ಊರು ಗುಡ್ಡದ ಮೇಲಿದೆ. ಮೂರು ಕಡೆ ತಾಹೊ ನದಿ ಸುತ್ತಿಕೊಂಡು ಹರಿಯುತ್ತದೆ, ಉಳಿದ ಕಡೆ ಕೋಟೆ ಗೋಡೆ ಇದೆ. ಮ್ಯಾಡ್ರಿಡ್‌ಗೆ ಹೋದವರು ಒಂದು ದಿನ ಬಿಡುವು ಮಾಡಿಕೊಂಡು ಇಲ್ಲಿಗೆ ಬಂದು ಸಂಜೆ ವಾಪಸ್ ಹೋಗುತ್ತಾರೆ.

ಹೋಗುವ ಮೊದಲು ಎಲ್ಲರಿಗೂ ಒಂದು ಗೊಂದಲ ಇರುತ್ತದೆ. ಗೈಡ್ ಇರುವ ಟೂರ್ ತಗೊಳ್ಳೋದಾ, ಇಲ್ಲಾ ನಾವೇ ಹೋಗಿಬರೋದಾ? ಪ್ರವಾಸದ ಬಗ್ಗೆ ಮಾತಾಡುವ ಎಷ್ಟೋ ಜನ ಗೈಡ್ ಹಿಂದೆ ಗುಂಪಿನಲ್ಲಿ ನಡೆಯುವವರನ್ನು ಸ್ವಲ್ಪ ಕೀಳಾಗಿ ನೋಡುತ್ತಾರೆ. ಒಬ್ಬರೇ ಅಲೆಯಬೇಕು, ಗಲ್ಲಿಗಳಲ್ಲಿ ದಾರಿ ತಪ್ಪಬೇಕು, ಆಗಲೇ ಊರು ಅರ್ಥವಾಗೋದು ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಟೊಲೆಡೊದಲ್ಲಿ ಒಬ್ಬರೇ ಅಲೆದರೆ ಚೆಂದದ ಗಲ್ಲಿಗಳು ಸಿಗುತ್ತವೆ, ಒಳ್ಳೆಯ ಫೋಟೋ ಸಿಗುತ್ತವೆ. ಊರು ಮಾತ್ರ ಸಿಗುವುದಿಲ್ಲ. ಈ ಊರಿಗೆ ಗೈಡ್ ಬೇಕೇ ಬೇಕು. ಬೇಡವಾದದ್ದು ಇನ್ನೊಂದಿದೆ. ಬೆಳಿಗ್ಗೆ ಮ್ಯಾಡ್ರಿಡ್‌ನಲ್ಲಿ ಬಸ್ ಹತ್ತಿಸಿ, ಟೊಲೆಡೊ ತೋರಿಸಿ, ಅದೇ ದಿನ ಸೆಗೋವಿಯಾ ಅನ್ನುವ ಇನ್ನೊಂದು ಊರನ್ನೂ ತೋರಿಸಿ ರಾತ್ರಿ ಇಳಿಸುವ ಟೂರ್. ಗೈಡ್ ಬೇಡ ಅನ್ನುವವರ ಸಿಟ್ಟೆಲ್ಲ ನಿಜವಾಗಿ ಹೋಗಬೇಕಾದದ್ದು ಆ ಓಟದ ಮೇಲೆ.

ಗೈಡ್ ಯಾಕೆ ಬೇಕು ಅಂತ ಮೊದಲು ಹೇಳುತ್ತೇನೆ.

ಊರಿನ ಪಶ್ಚಿಮ ಭಾಗದಲ್ಲಿ ಯಹೂದಿಗಳ ಹಳೇ ಕೇರಿ ಇದೆ. ಅಲ್ಲಿ ಸಾಂತಾ ಮರಿಯಾ ಲಾ ಬ್ಲಾಂಕಾ ಅಂತ ಒಂದು ಕಟ್ಟಡ. ಒಳಗೆ ಕಾಲಿಟ್ಟರೆ ಬೆಳ್ಳನೆಯ ಕಂಬಗಳ ಸಾಲು, ಅವುಗಳ ಮೇಲೆ ಕುದುರೆ ಲಾಳದ ಆಕಾರದ ಕಮಾನುಗಳು. ನೋಡಿದ ಕೂಡಲೇ ಮಸೀದಿ ಅನ್ನಿಸುತ್ತದೆ. ಹೆಸರು ನೋಡಿದರೆ ಚರ್ಚು. ಕಟ್ಟಿದ್ದು ಯಹೂದಿಗಳ ಪ್ರಾರ್ಥನೆಗೆ! ಆಗ ಊರನ್ನು ಆಳುತ್ತಿದ್ದವರು ಕ್ರೈಸ್ತ ರಾಜರು, ಕಟ್ಟಡದ ಶೈಲಿ ಮುಸ್ಲಿಮರ ಕಾಲದಿಂದ ಬಂದದ್ದು. 15ನೇ ಶತಮಾನದ ಶುರುವಿನಲ್ಲಿ ಅದನ್ನು ಚರ್ಚ್ ಮಾಡಿದರು. ಈಗಲೂ ಅದು ಕ್ಯಾಥೊಲಿಕ್ ಚರ್ಚಿನ ಕೈಯಲ್ಲೇ ಇದೆ. ಪಕ್ಕದಲ್ಲಿ ಹೇಳುವವರು ಯಾರೂ ಇಲ್ಲದಿದ್ದರೆ ನೀವು 'ಎಷ್ಟು ಚೆನ್ನಾಗಿದೆ' ಅಂದುಕೊಂಡು ಹತ್ತು ನಿಮಿಷದಲ್ಲಿ ಹೊರಗೆ ಬರುತ್ತೀರಿ. ನಿಮ್ಮ ತಪ್ಪಲ್ಲ. ಕಂಬಗಳು ತಾವಾಗಿ ಮಾತಾಡುವುದಿಲ್ಲವಲ್ಲ.

ಸಾಂತೊ ತೊಮೆ ಚರ್ಚ್ ಇನ್ನೊಂದು ಉದಾಹರಣೆ. ಎಲ್ ಗ್ರೆಕೊ ಬರೆದ ದೊಡ್ಡ ಚಿತ್ರ, 'ಕೌಂಟ್ ಆಫ್ ಒರ್ಗಾಸ್‌ನ ಶವಸಂಸ್ಕಾರ', ಇರುವುದು ಅಲ್ಲಿ. ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ಹುಟ್ಟಿದ ಈ ಚಿತ್ರಕಾರ 1577ರಲ್ಲಿ ಟೊಲೆಡೊಗೆ ಬಂದು, 1614ರಲ್ಲಿ ಸಾಯುವವರೆಗೂ ಇಲ್ಲೇ ಇದ್ದ. ಚಿತ್ರದ ಕೆಳಗಿನ ಅರ್ಧದಲ್ಲಿ ಇಬ್ಬರು ಸಂತರು ಸತ್ತ ಶ್ರೀಮಂತನನ್ನು ಗೋರಿಗೆ ಇಳಿಸುತ್ತಿದ್ದಾರೆ. ಮೇಲಿನ ಅರ್ಧದಲ್ಲಿ ಸ್ವರ್ಗ ತೆರೆದುಕೊಂಡಿದೆ. ಗುಂಪಿನಲ್ಲಿ ನಿಂತ ಎಲ್ಲರೂ ಒಂದೆರಡು ನಿಮಿಷ ತಲೆ ಎತ್ತಿ ನೋಡುತ್ತಾರೆ, ಮುಂದೆ ಹೋಗುತ್ತಾರೆ.

ಈ ಚಿತ್ರ ಹುಟ್ಟಿದ್ದು ಬಾಕಿ ಹಣದ ಜಗಳದಿಂದ ಅನ್ನೋದು ಗೊತ್ತಾದರೆ ಅಷ್ಟು ಬೇಗ ಮುಂದೆ ಹೋಗೋಕೆ ಮನಸ್ಸು ಬರುವುದಿಲ್ಲ. ಆ ಶ್ರೀಮಂತ ಸತ್ತದ್ದು 1323ರಲ್ಲಿ. ಒರ್ಗಾಸ್ ಊರಿನವರು ಪ್ರತಿ ವರ್ಷ ಈ ಚರ್ಚಿಗೆ ಇಂತಿಷ್ಟು ಹಣ, ಕೋಳಿ, ವೈನ್, ಸೌದೆ ಕೊಡಬೇಕು ಅಂತ ಅವನು ಉಯಿಲು ಬರೆದಿಟ್ಟಿದ್ದ. ಎರಡು ಶತಮಾನ ಕಳೆದ ಮೇಲೆ ಊರಿನವರು ಕೊಡೋದು ನಿಲ್ಲಿಸಿದರು. ಚರ್ಚಿನ ಪಾದ್ರಿ ಕೋರ್ಟಿಗೆ ಹೋಗಿ ಗೆದ್ದ. ಆಮೇಲೆ ಆ ಶ್ರೀಮಂತನ ನೆನಪು ಯಾರೂ ಮರೆಯದ ಹಾಗೆ ಒಂದು ಚಿತ್ರ ಬರೆಸಬೇಕು ಅಂತ ಎಲ್ ಗ್ರೆಕೊನನ್ನು ಕರೆಸಿದ. 1586ರಲ್ಲಿ ಶುರುವಾದ ಕೆಲಸ 1588ರ ಹೊತ್ತಿಗೆ ಮುಗಿಯಿತು. ಮುಂದೆ ನಿಂತಿರುವ ಚಿಕ್ಕ ಹುಡುಗ ಚಿತ್ರಕಾರನ ಮಗ. ಅವನ ಜೇಬಿನಿಂದ ಹೊರಗೆ ಇಣುಕುವ ಕರವಸ್ತ್ರದ ಮೇಲೆ 1578 ಅಂತ ಬರೆದಿದೆ, ಆ ಹುಡುಗ ಹುಟ್ಟಿದ ವರ್ಷ. ಒಳ್ಳೆಯ ಗೈಡ್ ನಿಮ್ಮನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ, ಆ ಕರವಸ್ತ್ರದ ಕಡೆ ಬೆರಳು ತೋರಿಸುತ್ತಾರೆ. ಅಷ್ಟು ಸಾಕು, ಚಿತ್ರ ನಿಮ್ಮದಾಗುತ್ತದೆ.

ಕಥೀಡ್ರಲ್‌ನಲ್ಲೂ ಹೀಗೇ. 1226ರಲ್ಲಿ ಕೆಲಸ ಶುರುವಾಗಿ ಮುಗಿದದ್ದು 1493ರಲ್ಲಿ. ಅದು ನಿಂತಿರುವುದು ಊರಿನ ದೊಡ್ಡ ಮಸೀದಿ ಇದ್ದ ಜಾಗದಲ್ಲಿ. ಒಳಗಿನ ಗಾಯಕರ ಮಂಟಪದ ಕೆಳಗಿನ ಸಾಲಿನಲ್ಲಿ ಮರದ ಆಸನಗಳಿವೆ. ಅವುಗಳ ಬೆನ್ನಿನ ಮೇಲೆ 54 ಯುದ್ಧದ ದೃಶ್ಯಗಳನ್ನು ಕೆತ್ತಿದ್ದಾರೆ. ಎಲ್ಲವೂ ಕ್ರೈಸ್ತ ರಾಜರು ಮುಸ್ಲಿಮರ ಗ್ರನಾಡಾ ರಾಜ್ಯದ ಕೋಟೆಗಳನ್ನು ಒಂದೊಂದಾಗಿ ಗೆದ್ದ ದೃಶ್ಯಗಳು. ಕೆತ್ತನೆ ಶುರುವಾದದ್ದು 1489ರಲ್ಲಿ. ಅಂದರೆ ಗ್ರನಾಡಾ ಇನ್ನೂ ಬಿದ್ದಿರಲಿಲ್ಲ! ಯುದ್ಧ ನಡೆಯುತ್ತಿರುವಾಗಲೇ ಅದರ ವರದಿಯನ್ನು ಮರದಲ್ಲಿ ಕೆತ್ತಿದ್ದಾರೆ. ಕತ್ತಲು ಕತ್ತಲಾದ ಆ ಜಾಗದಲ್ಲಿ ಯಾರೂ ಹೇಳದೆ ನೀವು ಬಗ್ಗಿ ನೋಡುತ್ತೀರಾ? ನನಗೆ ನಂಬಿಕೆ ಇಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಟೊಲೆಡೊವನ್ನು 'ಮೂರು ಸಂಸ್ಕೃತಿಗಳ ಊರು' ಅಂತ ಕರೆಯುತ್ತಾರೆ. ಕ್ರೈಸ್ತರು, ಮುಸ್ಲಿಮರು, ಯಹೂದಿಗಳು ಕೂಡಿ ಬಾಳಿದ ಊರು ಅಂತ. ಇದರಲ್ಲಿ ಸತ್ಯ ಇದೆ. 12ನೇ ಶತಮಾನದಲ್ಲಿ ಇಟಲಿಯ ಕ್ರೆಮೋನಾದಿಂದ ಜೆರಾರ್ಡ್ ಅನ್ನುವ ವಿದ್ವಾಂಸ ಇಲ್ಲಿಗೆ ಬಂದ. ಪ್ರಾಚೀನ ಗ್ರೀಕ್ ವಿದ್ವಾಂಸ ಟಾಲೆಮಿಯ ಖಗೋಳ ಗ್ರಂಥ ಲ್ಯಾಟಿನ್‌ನಲ್ಲಿ ಸಿಗದೆ, ಅದರ ಅರಬ್ಬಿ ಪ್ರತಿಯನ್ನು ಹುಡುಕಿಕೊಂಡು ಬಂದವನು ಅವನು. ಬಂದವನು ವಾಪಸ್ ಹೋಗಲೇ ಇಲ್ಲ. 70ಕ್ಕೂ ಹೆಚ್ಚು ಪುಸ್ತಕಗಳನ್ನು ಲ್ಯಾಟಿನ್‌ಗೆ ತಂದ. ಆ ಕಾಲದಲ್ಲಿ ಇಲ್ಲಿ ಇಬ್ಬರು ಕೂಡಿ ಕೆಲಸ ಮಾಡುವ ರೀತಿಯೂ ಇತ್ತು. ಅರಬ್ಬಿ ಬಲ್ಲ ಯಹೂದಿ ಅಥವಾ ಸ್ಥಳೀಯ ಕ್ರೈಸ್ತರೊಬ್ಬರು ಪುಸ್ತಕ ನೋಡಿ ಆಡುಮಾತಿನಲ್ಲಿ ಹೇಳುತ್ತಾ ಹೋಗುವುದು, ಇನ್ನೊಬ್ಬರು ಅದನ್ನು ಕೇಳಿ ಲ್ಯಾಟಿನ್‌ನಲ್ಲಿ ಬರೆಯುವುದು.

ಇದರಲ್ಲಿ ಭಾರತದ ಎಳೆಯೂ ಇದೆ. ಬಾಗ್ದಾದಿನ ವಿದ್ವಾಂಸ ಅಲ್ ಖ್ವಾರಿಜ್ಮಿ ಭಾರತದ ಖಗೋಳ ಲೆಕ್ಕದ ಆಧಾರದ ಮೇಲೆ ಕೋಷ್ಟಕಗಳನ್ನು ಮಾಡಿದ್ದ. ಟೊಲೆಡೊದಲ್ಲಿ 11ನೇ ಶತಮಾನದಲ್ಲಿ ಸಿದ್ಧವಾದ ಗ್ರಹಗಳ ಕೋಷ್ಟಕಗಳಿಗೆ ಅವುಗಳಿಂದಲೂ ಸಾಮಗ್ರಿ ಬಂದಿದೆ. ಯುರೋಪಿನ ವಿದ್ವಾಂಸರು ಆ ಟೊಲೆಡೊ ಕೋಷ್ಟಕಗಳನ್ನು ತುಂಬಾ ಕಾಲ ಬಳಸಿದರು. ಈ ಅನುವಾದಕರಿಗೆ ನಾವು ಅಂದುಕೊಳ್ಳುವ ಹಾಗೆ ಒಂದು ಶಾಲೆಯ ಕಟ್ಟಡ ಇರಲಿಲ್ಲ. ಹೋಗಿ ನೋಡೋಣ ಅಂದರೆ ನೋಡುವಂಥದ್ದು ಏನೂ ಇಲ್ಲ. ಊರಿನ ಇಷ್ಟು ದೊಡ್ಡ ವಿಷಯ ನಿಮಗೆ ಸಿಗುವುದು ಯಾರಾದರೂ ಹೇಳಿದರೆ ಮಾತ್ರ.

ಆದರೆ 'ಕೂಡಿ ಬಾಳಿದರು' ಅಂತ ಹೇಳಿ ನಿಲ್ಲಿಸಿಬಿಡುವ ಗೈಡ್ ನನಗೆ ಬೇಡ. ಅದು ಅರ್ಧ ಕಥೆ. 1391ರಲ್ಲಿ ಈ ಊರಿನಲ್ಲೂ ಯಹೂದಿಗಳ ಮೇಲೆ ದಾಳಿ ನಡೆಯಿತು. ಎಷ್ಟೋ ಜನ ಜೀವ ಉಳಿಸಿಕೊಳ್ಳಲು ಮತ ಬದಲಿಸಿದರು. ಬದಲಿಸಿದ ಮೇಲಾದರೂ ಬಿಟ್ಟರಾ? ಇಲ್ಲ. 1449ರಲ್ಲಿ ಇದೇ ಟೊಲೆಡೊದಲ್ಲಿ, ಯಹೂದಿ ಮೂಲದ ಕ್ರೈಸ್ತರು ಊರಿನ ಅಧಿಕಾರದ ಹುದ್ದೆಗಳಲ್ಲಿ ಇರಕೂಡದು ಅಂತ ಶಾಸನ ಮಾಡಿದರು. ರಕ್ತ ನೋಡಿ ಮನುಷ್ಯನನ್ನು ಹೊರಗಿಡುವ ಇಂಥ ಶಾಸನಗಳು ಆಮೇಲೆ ಸ್ಪೇನ್‌ನಲ್ಲಿ ಹರಡಿದವು. 1492ರಲ್ಲಿ, ಮತ ಬದಲಿಸದ ಯಹೂದಿಗಳನ್ನು ದೇಶದಿಂದಲೇ ಓಡಿಸಿದರು. ಎಲ್ ತ್ರಾನ್ಸಿತೊ ಅನ್ನುವ ಇನ್ನೊಂದು ಯಹೂದಿ ಪ್ರಾರ್ಥನಾ ಮಂದಿರ ಇಲ್ಲಿದೆ. ಅದನ್ನು 1350ರ ದಶಕದಲ್ಲಿ ಕಟ್ಟಿಸಿದವನು ರಾಜನ ಖಜಾಂಚಿ ಸಾಮುಯೆಲ್ ಹಲೇವಿ. ಗೋಡೆಯ ಗಾರೆ ಕೆಲಸದಲ್ಲಿ ಹೀಬ್ರೂ ಅಕ್ಷರಗಳ ಜೊತೆ ಅರಬ್ಬಿ ಅಕ್ಷರಗಳೂ ಇವೆ. ಕೆಲವೇ ವರ್ಷಗಳಲ್ಲಿ ಅದೇ ರಾಜ ಅವನನ್ನು ಸೆರೆ ಹಿಡಿಸಿದ, ಚಿತ್ರಹಿಂಸೆಯಲ್ಲಿ ಅವನು ಸತ್ತ. ಆ ಮಂದಿರದೊಳಗೆ ನಿಂತು ಗೋಡೆಯ ಅಂದವನ್ನೂ ಈ ಸಾವನ್ನೂ ಒಟ್ಟಿಗೆ ಹೇಳುವವರೇ ನನ್ನ ಪ್ರಕಾರ ಒಳ್ಳೆಯ ಗೈಡ್. ಸಿಹಿ ಮಾತ್ರ ಹೇಳುವವರು ಪ್ರವಾಸಿಗರನ್ನು ಚಿಕ್ಕ ಮಕ್ಕಳ ಹಾಗೆ ನೋಡುತ್ತಿದ್ದಾರೆ ಅಂತಲೇ ನನ್ನ ಅಭಿಪ್ರಾಯ.

ಈಗ ಆ ಬಸ್ ಟೂರ್ ಬಗ್ಗೆ. ಟೊಲೆಡೊ ಇರುವುದು ಮ್ಯಾಡ್ರಿಡ್‌ನ ದಕ್ಷಿಣಕ್ಕೆ. ಸೆಗೋವಿಯಾ ಇರುವುದು ವಾಯವ್ಯಕ್ಕೆ, ಬೆಟ್ಟದ ಸಾಲಿನ ಆಚೆ. ಎರಡನ್ನೂ ಮುಗಿಸಿ ವಾಪಸ್ ಬರುವಾಗ 300 ಕಿಲೋಮೀಟರ್‌ಗೂ ಜಾಸ್ತಿ ಆಗುತ್ತದೆ. ಸುಮಾರು ನಾಲ್ಕು ಗಂಟೆ ಬಸ್ಸಿನಲ್ಲೇ ಹೋಯಿತು. ಊಟಕ್ಕೆ ಒಂದು ಗಂಟೆ. ನದಿಯ ಆಚೆ ದಡದಿಂದ ಊರಿನ ನೋಟಕ್ಕೆ ಬಸ್ ನಿಲ್ಲಿಸುತ್ತಾರೆ. ಅದು ನಿಲ್ಲಿಸಲೇಬೇಕಾದ ಜಾಗ, ಅದಕ್ಕೆ ನನ್ನ ತಕರಾರಿಲ್ಲ. ಆಮೇಲೆ ಕೆಲವು ಟೂರ್‌ಗಳು ಕತ್ತಿ, ಒಡವೆ ಮಾರುವ ದೊಡ್ಡ ಅಂಗಡಿಗೆ ಕರೆದುಕೊಂಡು ಹೋಗುತ್ತವೆ. ಉಕ್ಕಿನ ಮೇಲೆ ಚಿನ್ನದ ಎಳೆಯನ್ನು ಬಡಿದು ಕೂರಿಸುವ ಕಲೆ ಈ ಊರಿನದು, ನಿಜವಾಗಿಯೂ ನೋಡುವಂಥದ್ದು. ಆದರೆ ಕುಶಲಕರ್ಮಿ ಐದು ನಿಮಿಷ ಕೆಲಸ ಮಾಡಿ ತೋರಿಸುವುದು, ಉಳಿದ ಅರ್ಧ ಗಂಟೆ ನಾವು ಶೋಕೇಸ್ ಮುಂದೆ ನಿಲ್ಲುವುದು, ಇದು ಕಲೆ ನೋಡುವ ರೀತಿ ಅಲ್ಲ. ಇಷ್ಟೆಲ್ಲ ಕಳೆದು ಕೋಟೆ ಗೋಡೆಯೊಳಗಿನ ಊರಿನಲ್ಲಿ ನಡೆಯುವುದಕ್ಕೆ ಉಳಿಯುವುದು ಎರಡು ಗಂಟೆ, ಹೆಚ್ಚೆಂದರೆ ಮೂರು. ಅಷ್ಟರಲ್ಲಿ ಕಥೀಡ್ರಲ್ಲನ್ನು ಹೊರಗಿನಿಂದ ತೋರಿಸಿ ಮುಂದೆ ನಡೆಸುವ ಟೂರ್‌ಗಳೂ ಇವೆ. ಟೊಲೆಡೊಗೆ ಹೋಗಿ ಕಥೀಡ್ರಲ್ ಒಳಗೆ ಹೋಗದೆ ಬರುವುದು ಅಂದರೆ ಏನು ಹೇಳೋದು!

ಇದರಿಂದ ಊರಿಗೂ ಒಳ್ಳೆಯದಾಗುತ್ತಿಲ್ಲ. ಎಲ್ಲ ಬಸ್ಸುಗಳೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಬರುತ್ತವೆ, ಒಂದೇ ಹೊತ್ತಿಗೆ ಹೋಗುತ್ತವೆ. ನಡುಹಗಲಿನಲ್ಲಿ ಸಾಂತೊ ತೊಮೆ ಮುಂದೆ ನೂಕುನುಗ್ಗಲು. ಹಳೇ ಊರಿನಲ್ಲಿ ಮನೆ ಮಾಡಿಕೊಂಡಿರುವವರು ಕಡಿಮೆಯಾಗುತ್ತಾ ಬಂದಿದ್ದಾರೆ, ಪ್ರವಾಸಿಗರಿಗಾಗಿಯೇ ಇರುವ ಅಂಗಡಿಗಳು ಹೆಚ್ಚಾಗುತ್ತಾ ಬಂದಿವೆ. ನಾವು ಮೂರು ಗಂಟೆಗೆ ಬಂದು ಹೋಗುವವರಾದರೆ ಊರು ಕೂಡ ಮೂರು ಗಂಟೆಯ ಗಿರಾಕಿಗೆ ತಕ್ಕ ಹಾಗೆ ಬದಲಾಗುತ್ತದೆ.

ಹಾಗಾದರೆ ಏನು ಮಾಡಬೇಕು? ರೈಲು ಹಿಡಿಯಿರಿ. ಮ್ಯಾಡ್ರಿಡ್‌ನ ಅತೋಚಾ ನಿಲ್ದಾಣದಿಂದ ವೇಗದ ರೈಲಿದೆ, ಸುಮಾರು ಅರ್ಧ ಗಂಟೆಯ ದಾರಿ. ವಾರದ ಕೊನೆಗೆ ಹೋಗುವುದಾದರೆ ಮೊದಲೇ ಟಿಕೆಟ್ ಮಾಡಿಸಿ, ಸೀಟು ತುಂಬಿಬಿಡುತ್ತದೆ. ಟೊಲೆಡೊ ನಿಲ್ದಾಣವೇ ನೋಡುವ ಹಾಗಿದೆ, 1919ರದು. ಅಲ್ಲಿಂದ ನಡೆದು ಹೋಗಿ ಅಲ್ಕಾಂತರಾ ಸೇತುವೆ ದಾಟಿ ಊರನ್ನು ಹತ್ತಬಹುದು. ಗೈಡನ್ನು ಟೊಲೆಡೊದಲ್ಲೇ ಗೊತ್ತು ಮಾಡಿಕೊಳ್ಳಿ, ಎರಡೂವರೆ ಮೂರು ಗಂಟೆಗೆ. ಒಬ್ಬರೇ ಇದ್ದರೆ ಗುಂಪಿನ ಜೊತೆ ನಡೆಯುವ ಟೂರ್‌ಗಳು ಸೊಕೊದೊವೆರ್ ಚೌಕದಿಂದ ಹೊರಡುತ್ತವೆ. ಆದರೆ ಅವುಗಳಲ್ಲಿ ಕೆಲವು ಬೀದಿಯಲ್ಲೇ ಮುಗಿಯುತ್ತವೆ, ಕಟ್ಟಡಗಳ ಒಳಗೆ ಹೋಗುವುದಿಲ್ಲ. ಒಳಗೆ ಕರೆದುಕೊಂಡು ಹೋಗುವವರನ್ನೇ ಹುಡುಕಿ.

ಗೈಡ್ ಹೋದ ಮೇಲೆ ಮಧ್ಯಾಹ್ನ ಪೂರ್ತಿ ನಿಮ್ಮದು. ಆಗ ದಾರಿ ತಪ್ಪಿ, ಈಗ ತಪ್ಪಿದರೆ ಅರ್ಥ ಇದೆ. ಹಲವು ಸ್ಮಾರಕಗಳಿಗೆ ಸೇರಿ ಒಂದೇ ಟಿಕೆಟ್ ಆಗುವ, ಕೈಗೆ ಕಟ್ಟಿಕೊಳ್ಳುವ ಪಟ್ಟಿ ಸಿಗುತ್ತದೆ. ಸಾಂತೊ ತೊಮೆ, ಸಾಂತಾ ಮರಿಯಾ ಲಾ ಬ್ಲಾಂಕಾ, ಕ್ರಿಸ್ತೊ ದೆ ಲಾ ಲೂಸ್ ಅದರಲ್ಲಿ ಬರುತ್ತವೆ. ಕಥೀಡ್ರಲ್‌ಗೆ ಬೇರೆ ಟಿಕೆಟ್. ಕ್ರಿಸ್ತೊ ದೆ ಲಾ ಲೂಸ್ ತಪ್ಪಿಸಬೇಡಿ. ಅದು 999ರ ಸುಮಾರಿನ ಪುಟ್ಟ ಮಸೀದಿ, ಆಮೇಲೆ ಚರ್ಚ್ ಆಯಿತು. ಒಳಗೆ ಮೇಲೆ ನೋಡಿದರೆ ಒಂಬತ್ತು ಚಿಕ್ಕ ಗುಮ್ಮಟಗಳು, ಒಂದರ ಹಾಗೆ ಇನ್ನೊಂದಿಲ್ಲ.

ಬಸ್ ಟೂರ್ ಯಾರಿಗೂ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಜೊತೆಗೆ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ಮಂಡಿ ನೋವಿದೆ, ಭಾಷೆ ಗೊತ್ತಿಲ್ಲದ ಕಡೆ ರೈಲು ಹಿಡಿಯುವ ಧೈರ್ಯ ಇಲ್ಲ ಅನ್ನುವವರಿಗೆ ಹೋಟೆಲ್ ಹತ್ತಿರದಿಂದ ಹತ್ತಿಸಿ ಮತ್ತೆ ಅಲ್ಲೇ ಇಳಿಸುವ ಬಸ್ ದೊಡ್ಡ ಉಪಕಾರ. ಟೊಲೆಡೊ ಪೂರ್ತಿ ಏರು, ಇಳಿಜಾರು, ಕಲ್ಲು ಹಾಸು. ಗೋಡೆಯ ಬುಡದಿಂದ ಮೇಲಕ್ಕೆ ಎಸ್ಕಲೇಟರ್ ಇದೆ ನಿಜ, ಆದರೆ ಮೇಲೆ ಹೋದ ಮೇಲೂ ನಡೆಯಬೇಕು. ಅಂಥವರು ಟೊಲೆಡೊ ಒಂದಕ್ಕೇ ಹೋಗುವ ಟೂರ್ ತಗೊಳ್ಳಿ. ಹಣ ಕಟ್ಟುವ ಮೊದಲು ಮೂರು ವಿಷಯ ಕೇಳಿ. ಗೋಡೆಯೊಳಗೆ ಒಟ್ಟು ಎಷ್ಟು ಗಂಟೆ ಇರುತ್ತೇವೆ? ಕಥೀಡ್ರಲ್ ಮತ್ತು ಸಾಂತೊ ತೊಮೆ ಒಳಗೆ ಗೈಡ್ ಜೊತೆಗೇ ಬರುತ್ತಾರಾ? ಅಂಗಡಿಗೆ ಎಷ್ಟು ಹೊತ್ತು? ನೇರವಾಗಿ ಉತ್ತರ ಕೊಡದಿದ್ದರೆ ಆ ಟೂರ್ ಬಿಟ್ಟು ಇನ್ನೊಂದನ್ನು ನೋಡಿ. ಮ್ಯಾಡ್ರಿಡ್‌ನಲ್ಲಿ ಟೊಲೆಡೊ ಟೂರ್‌ಗಳಿಗೆ ಬರವಿಲ್ಲ.