ಹೊಗೆ ಬರುವ ಹೊತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ನಮ್ಮ ಗ್ಯಾರೇಜಿಗೆ ಒಂದು ಕಾರು ಬಂತು. 1.6 ಲೀಟರಿನ ಪೆಟ್ರೋಲ್ ಎಂಜಿನ್. ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಅದರಲ್ಲಿತ್ತು; ಮೂಲದ್ದನ್ನು ತೆಗೆಸಿ ಅದಕ್ಕಿಂತ ದೊಡ್ಡದನ್ನು ಕೂರಿಸಿದ್ದರು. ಸಿಗ್ನಲಿನಲ್ಲಿ 2 ನಿಮಿಷ ನಿಂತು ಹೊರಟರೆ ಹಿಂದಿನವರಿಗೆ ದಾರಿಯೇ ಕಾಣದಷ್ಟು ನೀಲಿ ಹೊಗೆ. ಯಜಮಾನರು ಅಷ್ಟರಲ್ಲಿ ಎರಡು ಟರ್ಬೊ ಬದಲಿಸಿ, ಮೂರನೆಯದಕ್ಕೆ ಹಣ ಹೊಂದಿಸುತ್ತಿದ್ದರು.

ಹೊಗೆಯ ಬಣ್ಣ ನೋಡುವುದು ಬಹಳ ಜನರಿಗೆ ಗೊತ್ತು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಇಂಧನ ಹೆಚ್ಚಾಗಿದೆ ಅಥವಾ ಗಾಳಿ ಸಾಲುತ್ತಿಲ್ಲ. ಬಿಳಿ ಹೊಗೆಗೆ ಮಾತ್ರ ಗಾಬರಿಪಡುವ ಮೊದಲು ಸ್ವಲ್ಪ ತಾಳಬೇಕು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಮಡಿಕೇರಿಯ ಚಳಿಯ ಬೆಳಗಿನಲ್ಲಿ ಅದು ಆವಿಯಾಗಿ ಕಾಣುವುದು ಸಹಜ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಹೊಡೆದು, ಎಂಜಿನ್ ತಣಿಸುವ ಕೂಲಂಟ್ ದ್ರವದ ಮಟ್ಟವೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ತಲೆಭಾಗದ ಕೆಳಗೆ ಸೋರದಂತೆ ಕೂರಿಸಿದ ಹಾಳೆ, ಅದರ ಕಡೆಗೆ ನೋಡಿ.

ಬಣ್ಣ ಹೇಳುವುದು ಅಷ್ಟೇ: ಏನು ಉರಿಯುತ್ತಿದೆ ಎಂದು. ಅದು ಎಲ್ಲಿಂದ ಬಂತು ಎಂಬುದನ್ನು ಹೇಳುವುದು ಹೊಗೆ ಬರುವ ಹೊತ್ತು.

ಚಾರ್ಮಾಡಿ ಘಾಟಿಯನ್ನು ಗೇರಿನಲ್ಲೇ ಇಳಿಯುತ್ತಿದ್ದೀರಿ ಎಂದುಕೊಳ್ಳಿ. ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದೀರಿ. ಪೆಟ್ರೋಲ್ ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್ ಕೊಳವೆಗಳಲ್ಲಿ ಆಗ ಬಲವಾದ ನಿರ್ವಾತ ಉಂಟಾಗುತ್ತದೆ. ವಾಲ್ವುಗಳ ಬದಿಯಿಂದ ಆಯಿಲ್ ಒಳಗಿಳಿಯದಂತೆ ತಡೆಯುವ ವಾಲ್ವ್ ಸೀಲ್‌ಗಳು ಸವೆದಿದ್ದರೆ ಅದು ಆಯಿಲನ್ನು ಒಳಗೆಳೆದುಕೊಳ್ಳುತ್ತದೆ. ತಿರುವು ದಾಟಿ ಕಾಲೊತ್ತಿದಾಗ ಒಮ್ಮೆ ಬುಸ್ಸೆಂದು ನೀಲಿ ಹೊಗೆ ಬಂದು ಮಾಯವಾಗುತ್ತದೆ. ಅದೇ ಘಾಟಿಯನ್ನು ಹತ್ತುವಾಗ, ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿದ ಹೊತ್ತಿಗೆಲ್ಲ ಬಿಡದೆ ಹೊಗೆ ಬಂದರೆ ಪಿಸ್ಟನ್ ಸುತ್ತಲಿನ ಸಂದು ಮುಚ್ಚುವ ರಿಂಗುಗಳ ಮೇಲೆ ಅನುಮಾನ ಪಡಬೇಕು. ನಿಂತಲ್ಲೇ ಓಡಿದ ಎಂಜಿನ್ ಹೊರಟ ಕೂಡಲೇ ಮೋಡದಂತೆ ಉಗುಳಿದರೆ ಆಗ ಟರ್ಬೊ ಕಡೆಗೆ ತಿರುಗಿ.

ಟರ್ಬೊ ಕೆಟ್ಟಿದೆ ಎಂದು ಆಗಲೂ ತೀರ್ಮಾನಿಸಬೇಡಿ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಆ ಶಾಫ್ಟಿಗೆ ರಬ್ಬರ್ ಸೀಲ್ ಇರುವುದಿಲ್ಲ. ಇರುವುದು ಪಿಸ್ಟನ್ ರಿಂಗಿನಂಥ ಲೋಹದ ಸಣ್ಣ ಬಳೆ. ಆಯಿಲ್ ತುಂಬಿ ನಿಂತರೆ ಅದನ್ನು ತಡೆಯುವ ಶಕ್ತಿ ಆ ಬಳೆಗಿಲ್ಲ. ಬೇರಿಂಗಿಗೆ ಒತ್ತಡದಲ್ಲಿ ಬಂದ ಆಯಿಲ್ ತನ್ನ ಭಾರದಿಂದಲೇ ಕೆಳಗಿಳಿದು ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯನ್ನು, ಅಂದರೆ ಸಂಪನ್ನು, ಸೇರಬೇಕು. ಇಳಿಯುವ ಆ ಕೊಳವೆ ಅಗಲವಾಗಿರಬೇಕು, ಲಂಬರೇಖೆಯಿಂದ 35 ಡಿಗ್ರಿಗಿಂತ ಹೆಚ್ಚು ವಾಲಬಾರದು, ನಡುವೆ ಎಲ್ಲೂ ಮೇಲೇರಬಾರದು. ಗ್ಯಾಸ್ಕೆಟ್ ಬದಲು ಸಿಲಿಕೋನ್ ಅಂಟು ಮೆತ್ತಿದರೆ ಅದು ಒಳಕ್ಕೆ ಉಬ್ಬಿ ದಾರಿ ಕಟ್ಟುತ್ತದೆ. ಹಲವು ಬಾಲ್ ಬೇರಿಂಗ್ ಟರ್ಬೊಗಳಿಗೆ ಆಯಿಲ್ ಬರುವ ಕಡೆ ಸುಮಾರು ಒಂದು ಮಿಲಿಮೀಟರಿನ ಕಿಂಡಿ ಬೇಕು. ಅದನ್ನು ಮರೆತರೆ ಆಯಿಲ್ ಮಿತಿಮೀರಿ ನುಗ್ಗುತ್ತದೆ.

ಇನ್ನೊಂದು ತಡೆ ಕೆಳಗಿನಿಂದ ಬರುತ್ತದೆ. ಪಿಸ್ಟನ್ ರಿಂಗುಗಳನ್ನು ದಾಟಿ ಸಂಪಿನ ಕಡೆಗೆ ಬಂದ ಅನಿಲ ಹೊರಹೋಗಲು ಉಸಿರು ಕೊಳವೆ ತೆರೆದಿರಬೇಕು. ಆ ಅನಿಲದ ಆಯಿಲನ್ನು ಹಿಡಿದಿಡುವ ಡಬ್ಬಿ, ಅಂದರೆ ಕ್ಯಾಚ್ ಕ್ಯಾನ್, ಅಳವಡಿಸುವಾಗ ಸಣ್ಣ ಕೊಳವೆ ಹಾಕಿದರೆ, ಅಥವಾ ಆ ಅನಿಲವನ್ನು ಎಂಜಿನ್ನಿಗೇ ಮರಳಿಸುವ ಪಿಸಿವಿ ವಾಲ್ವ್ ಕೆಟ್ಟು ಬೂಸ್ಟ್ ಹಿಂದಕ್ಕೆ ನುಗ್ಗಿದರೆ, ಸಂಪಿನಲ್ಲಿ ಒತ್ತಡ ಏರಿ ಇಳಿಯುವ ಆಯಿಲನ್ನು ಮೇಲಕ್ಕೇ ತಳ್ಳುತ್ತದೆ. ಇಷ್ಟೆಲ್ಲ ಇರುವಾಗ ಟರ್ಬೊ ಬದಲಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡಿ. ಒಂದೇ ಪ್ಲಗ್ ಎಣ್ಣೆಯಾಗಿದ್ದರೆ ತೊಂದರೆ ಆ ಸಿಲಿಂಡರಿನದು. ಎಲ್ಲವೂ ಒಂದೇ ತೆರನಾಗಿ ನೆನೆದಿದ್ದರೆ ಆಯಿಲ್ ಗಾಳಿಯ ಜೊತೆಗೇ ಬರುತ್ತಿರಬಹುದು. ಇಂಟರ್‌ಕೂಲರ್ (ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಭಾಗ) ಕೊಳವೆ ಬಿಚ್ಚಿದರೆ ತಿಳಿಯುತ್ತದೆ. ಪ್ಲಗ್‌ಗಳು ಶುಚಿಯಾಗಿದ್ದು ಟರ್ಬೊದಿಂದಾಚೆಯ ಹೊಗೆಕೊಳವೆ ಮಾತ್ರ ಒದ್ದೆಯಾಗಿದ್ದರೆ ಸೋರಿಕೆ ಟರ್ಬೊದಲ್ಲಿ ಹೊಗೆಯಿಂದ ತಿರುಗುವ ಚಕ್ರದ, ಅಂದರೆ ಟರ್ಬೈನ್, ಕಡೆಯದು. ರಿಂಗುಗಳ ವಿಷಯದಲ್ಲಿ ಊಹೆ ಬೇಡ, ಸಿಲಿಂಡರ್ ಒತ್ತಡ ಹಿಡಿಯುತ್ತದೆಯೇ ಎಂದು ನೋಡುವ ಕಂಪ್ರೆಷನ್ ಮತ್ತು ಲೀಕ್ ಡೌನ್ ಪರೀಕ್ಷೆ ಮಾಡಿಸಿ.

ಡೀಸೆಲ್ ಕಾರಿನವರಿಗೆ ಎರಡು ಮಾತು. ಶಕ್ತಿ ಹೆಚ್ಚಿಸಲೆಂದು ಎಂಜಿನ್ನಿನ ಕಂಪ್ಯೂಟರನ್ನು (ಇಸಿಯು) ಮರುಹೊಂದಿಸಿದ ಮೇಲೆ ಬರುವ ಕಪ್ಪು ಹೊಗೆಯನ್ನು ಶಕ್ತಿಯ ಗುರುತು ಎಂದುಕೊಳ್ಳುವವರಿದ್ದಾರೆ. ನನಗೆ ಇದು ನಿಜಕ್ಕೂ ನೋವು ಕೊಡುತ್ತದೆ. ಅದು ಪೂರ್ತಿ ಉರಿಯದ ಇಂಧನದ ಮಸಿ, ಹಿಂದೆ ಬರುವ ಸ್ಕೂಟರ್ ಸವಾರರ ಎದೆಗೆ ಹೋಗುತ್ತದೆ. ಇನ್ನು ಟರ್ಬೊದಿಂದ ಆಯಿಲ್ ಧಾರಾಳವಾಗಿ ಸೋರಿದರೆ ಡೀಸೆಲ್ ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು, ಕೀಲಿ ತಿರುಗಿಸಿದರೂ ನಿಲ್ಲದೆ ಹುಚ್ಚೆದ್ದು ಓಡಬಹುದು. ನೀಲಿ ಹೊಗೆಯ ಡೀಸೆಲ್ ಗಾಡಿಯನ್ನು ಹಾಗೇ ಓಡಿಸಬೇಡಿ.

ನಮ್ಮ ಆ ಕಾರಿನಲ್ಲಿ ಕಂಡದ್ದು ಇಷ್ಟು: ಆಯಿಲ್ ಇಳಿಯುವ ಕೊಳವೆಯನ್ನು ಸ್ಟಾರ್ಟರ್ ಮೋಟರಿನ ಸುತ್ತ ಒಯ್ಯಲು ಹೋಗಿ, ನಡುವೆ ಜೋಲು ಬಿಟ್ಟು ಮತ್ತೆ ಮೇಲೇರಿಸಿದ್ದರು. ನಾವು ಕೊಳವೆಯನ್ನು ನೇರ ಮಾಡಿದೆವು. ಟರ್ಬೊ ಹಳೆಯದೇ ಉಳಿಯಿತು. ಮರುದಿನವೂ ಹೊಗೆ ಬಂದಾಗ ಯಜಮಾನರ ಮುಖ ಸಪ್ಪಗಾಯಿತು. ಸೈಲೆನ್ಸರಿನಲ್ಲಿ ಮೊದಲೇ ಕೂತಿದ್ದ ಆಯಿಲ್ ಉರಿದು ತೀರಬೇಕಿತ್ತು. ಮೂರನೆಯ ದಿನ ಅವರು ಗ್ಯಾರೇಜಿನ ಮುಂದೆ 10 ನಿಮಿಷ ಎಂಜಿನ್ ಓಡಿಸಿ ನಿಂತರು, ಆಮೇಲೆ ಕಾಲೊತ್ತಿದರು. ಹಿಂದಿದ್ದ ಬೇವಿನ ಮರ ಸ್ಪಷ್ಟವಾಗಿ ಕಾಣುತ್ತಿತ್ತು.