ಅಂಗಳದ ಹವಾಮಾನ ಕೇಂದ್ರ: ಎಲ್ಲಿಡಬೇಕು, ಯಾವ ಸೆನ್ಸರ್ ಸೇರಿಸಬೇಕು

ಹಿರಿಯರೇ, ಅಕ್ಕ-ತಂಗಿಯರೇ, ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಮಳೆ ಅಳೆಯುವುದು ನಮ್ಮ ಕಡೆ ಹೊಸ ವಿದ್ಯೆಯೇನಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರಲ್ಲಿ ತಲೆಮಾರುಗಳಿಂದ ಬರೆದಿಟ್ಟ ಮಳೆ ಪುಸ್ತಕಗಳಿವೆ. ಇವತ್ತಿಗೂ ಅವರ ಲೆಕ್ಕ ಇಂಚು, ಸೆಂಟ್ಸ್‌ನಲ್ಲೇ. ನೂರು ಸೆಂಟ್ಸ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್. ನಮ್ಮ ಅಡಿಕೆ ಸೀಮೆಯ ಹಿರಿಯರು ಆರಿದ್ರಾ ಹೇಗಾಯಿತು, ಪುನರ್ವಸು ಹೇಗೆ ಹೊಯ್ದಿತು ಎಂದು ನಕ್ಷತ್ರದ ಲೆಕ್ಕದಲ್ಲಿ ನೆನಪಿಟ್ಟವರು. ಹಾಗಾಗಿ ಈಗ ಪೆಟ್ಟಿಗೆಯಲ್ಲಿ ಬರುವ ವೈರ್‌ಲೆಸ್ ಹವಾಮಾನ ಕೇಂದ್ರ ನಮ್ಮ ಹಳೆಯ ಅಭ್ಯಾಸದ ಮುಂದುವರಿಕೆಯೇ. ಅದನ್ನು ಕೊಂಡವರು ಎಲ್ಲಿ ಇಡಬೇಕು, ಆಮೇಲೆ ಯಾವ ಸೆನ್ಸರ್ ಸೇರಿಸಬೇಕು, ಯಾವುದನ್ನು ಸೇರಿಸಬಾರದು, ಇವತ್ತು ಅದನ್ನು ಮಾತಾಡುತ್ತೇನೆ.

ಮೊದಲು ಒಂದು ಪ್ರಶ್ನೆ ಏಳುತ್ತದೆ. ಸರ್ಕಾರದ ಮಾಪಕ ಇದೆಯಲ್ಲ, ನಮ್ಮದು ಯಾಕೆ ಬೇಕು? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ಇಟ್ಟಿದೆ. ಬೇರೆ ರಾಜ್ಯದವರು ಮೆಚ್ಚುವಂಥ ವ್ಯವಸ್ಥೆ ಅದು. ಆದರೆ ಘಟ್ಟದ ಮಳೆಯ ಸ್ವಭಾವ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ಪಟ್ಟಣದಲ್ಲಿ 1,000ದ ಆಸುಪಾಸು. ಒಂದು ಗುಡ್ಡ ದಾಟಿದರೆ ಲೆಕ್ಕವೇ ಬೇರೆ. ಪಂಚಾಯಿತಿ ಕಚೇರಿಯ ಹತ್ತಿರದ ಮಾಪಕ ನಿಮ್ಮ ಕಣಿವೆಯ ತೋಟದ ಪರವಾಗಿ ಮಾತಾಡಲಾರದು.

ಈಗ ಪೆಟ್ಟಿಗೆ ಬಿಚ್ಚೋಣ. ಸಾಮಾನ್ಯವಾಗಿ ಸಿಗುವುದು ಎಲ್ಲವೂ ಒಂದೇ ಕಡೆ ಕೂಡಿದ ಘಟಕ: ಮೇಲೆ ಗಾಳಿಯ ಬಟ್ಟಲುಗಳು, ಪಕ್ಕದಲ್ಲಿ ಮಳೆಯ ಕೊಳವೆ, ಕೆಳಗೆ ಉಷ್ಣತೆ-ತೇವಾಂಶದ ಸೆನ್ಸರ್. ಒಂದು ಕಂಬ ನಿಲ್ಲಿಸಿ ಅದರ ಮೇಲೆ ಕೂರಿಸಿದರೆ ಮುಗಿಯಿತು ಎಂದು ಕೈಪಿಡಿ ಹೇಳುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ಗಾಳಿ ಅಳೆಯುವುದಕ್ಕೆ ಎತ್ತರ ಬೇಕು. ವಿಶ್ವ ಹವಾಮಾನ ಸಂಸ್ಥೆಯ ಮಾನದಂಡ ಬಯಲಿನಲ್ಲಿ 10 ಮೀಟರ್. ಉಷ್ಣತೆ ಅಳೆಯುವುದಕ್ಕೆ ನೆಲದಿಂದ 1.25ರಿಂದ 2 ಮೀಟರ್ ಎತ್ತರ, ಕೆಳಗೆ ಹುಲ್ಲು ನೆಲ, ಮೇಲೆ ನೆರಳು ಬೇಕು. ಮಳೆಮಾಪಕವಂತೂ ನೆಲಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು, ಯಾಕೆಂದರೆ ಎತ್ತರದಲ್ಲಿ ಗಾಳಿ ಹನಿಗಳನ್ನು ಮಾಪಕದ ಬಾಯಿಯಿಂದ ಆಚೆಗೆ ಹಾರಿಸಿಬಿಡುತ್ತದೆ. ಮೂರಕ್ಕೂ ಮೂರು ಬೇರೆ ಜಾಗ ಬೇಕು. ಒಂದೇ ಕಂಬದಲ್ಲಿ ಮೂರನ್ನೂ ಕಟ್ಟಿದರೆ ಮೂರೂ ಅರ್ಧಂಬರ್ಧ. ಅದಕ್ಕೇ ನನ್ನ ಸಲಹೆ ಇಷ್ಟು: ಬಿಡಿ ಬಿಡಿ ಸೆನ್ಸರ್ ಸೇರಿಸಲು ಬರುವಂಥ ಕನ್ಸೋಲ್, ಅಂದರೆ ಮನೆಯೊಳಗೆ ಅಂಕಿ ತೋರಿಸುವ ಪೆಟ್ಟಿಗೆ, ಕೊಳ್ಳಿ. ಮೊದಲ ವರ್ಷ ಮಳೆಮಾಪಕ ಮತ್ತು ಒಂದು ಉಷ್ಣತೆ-ತೇವಾಂಶ ಸೆನ್ಸರ್, ಇವೆರಡೇ ಸಾಕು.

ಮಳೆಮಾಪಕಕ್ಕೆ ಜಾಗ ಹುಡುಕುವುದು ನಮ್ಮಲ್ಲಿ ಸುಲಭವಲ್ಲ. ಸುತ್ತಲಿನ ಮರ, ಗೋಡೆ ಎಷ್ಟು ಎತ್ತರವೋ ಕನಿಷ್ಠ ಅದರ ಎರಡು ಪಟ್ಟು ದೂರದಲ್ಲಿ ಮಾಪಕ ಇರಬೇಕು ಎನ್ನುತ್ತದೆ ನಿಯಮ. 15 ಮೀಟರ್ ಅಡಿಕೆ ಮರದಿಂದ 30 ಮೀಟರ್ ದೂರ ಹೋಗಲು ತೋಟದಲ್ಲಿ ಜಾಗವೆಲ್ಲಿ? ಹುಡುಕಿದರೆ ಹೆಚ್ಚಿನ ಮನೆಗಳಲ್ಲಿ ಅಂಥ ಒಂದೇ ಜಾಗ ಇರುತ್ತದೆ, ಅಡಿಕೆ ಒಣಗಿಸುವ ಅಂಗಳ. ಬಿಸಿಲು ಬೀಳಲಿ ಎಂದೇ ಅದನ್ನು ಬಯಲಾಗಿ ಇಟ್ಟಿರುತ್ತೇವೆ. ಅದರ ಅಂಚಿನಲ್ಲಿ ಮಾಪಕ ನಿಲ್ಲಿಸಿ. ಸಿಮೆಂಟ್ ನೆಲವಾದರೆ ಹನಿ ಪುಟಿದು ಒಳಗೆ ಬೀಳುತ್ತದೆ, ಹಾಗಾಗಿ ಅಂಚಿನಾಚೆಯ ಹುಲ್ಲಿನ ಮೇಲೆ, ಸುಮಾರು ಒಂದು ಮೀಟರ್ ಎತ್ತರಕ್ಕೆ. ಉಷ್ಣತೆಯ ಸೆನ್ಸರನ್ನು ಮಾತ್ರ ಅಂಗಳಕ್ಕೆ ತರಬೇಡಿ. ಏಪ್ರಿಲ್ ಮಧ್ಯಾಹ್ನ ಕಾದ ಸಿಮೆಂಟು, ತಗಡಿನ ಮಾಡು, ತಾರಸಿ, ಇವುಗಳ ಹತ್ತಿರ ಇಟ್ಟ ಸೆನ್ಸರ್ ಊರಿನ ಉಷ್ಣತೆ ಹೇಳುವುದಿಲ್ಲ, ತಾರಸಿಯ ಉಷ್ಣತೆ ಹೇಳುತ್ತದೆ. ಒಂದರ ಮೇಲೊಂದು ತಟ್ಟೆ ಜೋಡಿಸಿದಂತಿರುವ ಬಿಳಿಯ ಕವಚದೊಳಗೆ ಅದನ್ನು ಇಟ್ಟು, ಹಿತ್ತಿಲಿನ ಹಸಿರು ನೆಲದ ಮೇಲೆ ಗಾಳಿಯಾಡುವ ಕಡೆ ನಿಲ್ಲಿಸಿ. ಇಂಥ ಕವಚದ ಮೂಲ ರೂಪ, ಪಟ್ಟಿಪಟ್ಟಿ ಗೋಡೆಯ ಬಿಳಿ ಪೆಟ್ಟಿಗೆ, ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭ ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ 19ನೇ ಶತಮಾನದಲ್ಲಿ ರೂಪಿಸಿದ್ದು. ಹವಾಮಾನ ಇಲಾಖೆಯ ಆವರಣಗಳಲ್ಲಿ ಈಗಲೂ ಅದನ್ನು ಕಾಣಬಹುದು.

ಮಳೆಮಾಪಕದ ಒಳಗೆ ಏನಾಗುತ್ತದೆ ಎಂದು ಗೊತ್ತಿರಲೇಬೇಕು. ಕೊಳವೆಯ ಕೆಳಗೆ ತೊಟ್ಟಿಲಿನಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿವೆ. ಒಂದು ತುಂಬಿದೊಡನೆ ಕವುಚಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಒಂದು ಸಲ ಕವುಚಿದರೆ 0.2 ಮಿಲಿಮೀಟರ್ ಮಳೆ. ಕೆಲವು ಮಾಪಕಗಳಲ್ಲಿ 0.254, ಅಂದರೆ ಸರಿಯಾಗಿ ಕಾಫಿ ತೋಟದವರ ಒಂದು ಸೆಂಟ್. ಕವುಚಿದಾಗೆಲ್ಲ ಒಂದು ಅಯಸ್ಕಾಂತ ಸ್ವಿಚ್ಚಿನ ಮುಂದೆ ಹಾಯ್ದು ಎಣಿಕೆ ಒಂದೊಂದೇ ಏರುತ್ತದೆ. ಅಷ್ಟೇ ಯಂತ್ರ.

ಈ ಯಂತ್ರಕ್ಕೆ ನಮ್ಮ ಜುಲೈ ಕಷ್ಟ. ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಹೊಯ್ದರೆ ಗಂಟೆಗೆ 500 ಸಲ, ಅಂದರೆ ಏಳು ಸೆಕೆಂಡಿಗೊಮ್ಮೆ ಬಟ್ಟಲು ಕವುಚಬೇಕು. ಕವುಚುವ ಆ ಕ್ಷಣದಲ್ಲೂ ಮೇಲಿಂದ ನೀರು ಸುರಿಯುತ್ತಲೇ ಇರುತ್ತದೆ. ಅದು ಎಣಿಕೆಗೆ ಸೇರುವುದಿಲ್ಲ. ಮಳೆ ಜೋರಾದಷ್ಟೂ ಯಂತ್ರ ಕಡಿಮೆ ಹೇಳುತ್ತದೆ. ಆದ್ದರಿಂದ ಅದರ ಪಕ್ಕದಲ್ಲೇ ಒಂದು ಸಾದಾ ಮಳೆಮಾಪಕ ಇಡಿ, ಕೈಯಿಂದ ಅಳೆದು ಬರೆಯುವಂಥದ್ದು. ಮನೆಯಲ್ಲಿ ಈಗಾಗಲೇ ಇದ್ದರೆ ದಯವಿಟ್ಟು ಅದನ್ನು ಅಟ್ಟಕ್ಕೆ ಹಾಕಬೇಡಿ. ಒಟ್ಟು ಎಷ್ಟು ಎಂದು ಹೇಳುವುದು ಅದು. ಯಾವ ಗಂಟೆಯಲ್ಲಿ, ಯಾವ ರಭಸದಲ್ಲಿ ಎಂದು ಹೇಳುವುದು ಎಲೆಕ್ಟ್ರಾನಿಕ್ ಮಾಪಕ. ಎರಡೂ ಸೇರಿದರೇ ಪೂರ್ತಿ ಚಿತ್ರ.

ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಕೊಳವೆಯ ಬಾಯಿಯ ವ್ಯಾಸ ಅಳೆಯಿರಿ. 16 ಸೆಂಟಿಮೀಟರ್ ಇದ್ದರೆ ವಿಸ್ತೀರ್ಣ 200 ಚದರ ಸೆಂಟಿಮೀಟರ್ ಆಯಿತು. ಅದರ ಮೇಲೆ 10 ಮಿಲಿಮೀಟರ್ ಮಳೆ ಎಂದರೆ 200 ಮಿಲಿಲೀಟರ್ ನೀರು. ಬಾಟಲಿಯ ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿ ಅಷ್ಟು ನೀರನ್ನು ಅರ್ಧ ಗಂಟೆಯಲ್ಲಿ ತೊಟ್ಟಿಕ್ಕಿಸಿ. ಕನ್ಸೋಲ್ 10ರ ಹತ್ತಿರ, ಅಂದರೆ 50 ಸಲ ಕವುಚಿದ ಲೆಕ್ಕ ತೋರಿಸಬೇಕು. ಹೆಚ್ಚು ಕಡಿಮೆ ಇದ್ದರೆ ಬಟ್ಟಲಿನ ಕೆಳಗಿನ ಸ್ಕ್ರೂ ತಿರುಗಿಸಿ, ಅಥವಾ ಕನ್ಸೋಲಿನ ಗುಣಾಂಕ ಬದಲಿಸಿ. ಪ್ರತಿ ಮೇ ತಿಂಗಳಲ್ಲಿ ಇದನ್ನು ಮಾಡಬೇಕು. ಈ ಮಾತು ಬಂದಾಗ ನನಗೆ ಅನ್ನಾ ಮಣಿ ಅವರ ನೆನಪಾಗುತ್ತದೆ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿ, ಮುಂದೆ ಹವಾಮಾನ ಇಲಾಖೆಯಲ್ಲಿ ಉಪಕರಣಗಳ ವಿಭಾಗ ನಡೆಸಿದವರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಸಾದಾ ಉಪಕರಣಗಳೂ ಹೊರದೇಶದಿಂದ ಬರುತ್ತಿದ್ದವು. ಅವನ್ನು ಇಲ್ಲೇ ಮಾಡಿಸಿ, ಒಂದೊಂದನ್ನೂ ಮಾನಕಕ್ಕೆ ಹೋಲಿಸಿ ತಿದ್ದುವ ಪದ್ಧತಿಯನ್ನು ಗಟ್ಟಿಗೊಳಿಸಿದರು. ಅಳತೆಯಲ್ಲಿ ಅವರಿಗಿದ್ದ ಶ್ರದ್ಧೆ ನಮ್ಮ ಅಂಗಳಕ್ಕೂ ಬೇಕು.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸುತ್ತೇನೆ. ಹವಾಮಾನ ಇಲಾಖೆ ಮಳೆಯ ದಿನವನ್ನು ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ ಎಣಿಸುತ್ತದೆ. ನಿಮ್ಮ ಕನ್ಸೋಲ್ ಮಧ್ಯರಾತ್ರಿಗೆ ಸೊನ್ನೆಗೆ ಹೋಗುತ್ತದೆ. ಎರಡು ಅಂಕಿ ತಾಳೆಯಾಗುವುದಿಲ್ಲವೆಂದು ಮಾಪಕವನ್ನು ಬೈಯುವ ಮೊದಲು ಇದನ್ನು ನೋಡಿ. ಕೈಯಿಂದ ಬರೆಯುವ ಪುಸ್ತಕದಲ್ಲಿ 8:30ರ ಪದ್ಧತಿಯನ್ನೇ ಪಾಲಿಸಿ. ನಕ್ಷತ್ರದ ಲೆಕ್ಕ ಬೇಕೆಂದರೆ ಅದನ್ನೂ ಬಿಡಬೇಕಿಲ್ಲ. ದಿನದ ಅಂಕಿಗಳಿದ್ದರೆ ಪುಷ್ಯ ಮಳೆ ಎಷ್ಟು, ಆಶ್ಲೇಷ ಎಷ್ಟು ಎಂದು ಕೂಡಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ?

ಒಂದು ವರ್ಷ ಇಷ್ಟು ಸರಿಯಾಗಿ ನಡೆದ ಮೇಲೆ ಸೆನ್ಸರ್ ಸೇರಿಸುವ ಮಾತು. ಪಟ್ಟಿ ಉದ್ದವಿದೆ: ಮಣ್ಣಿನ ತೇವ, ಎಲೆಯ ತೇವ, ಸಿಡಿಲು, ಸೌರ ವಿಕಿರಣ, ದೂಳಿನ ಕಣ. ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಹೇಳುವ ಅಂಕಿ ನೋಡಿ ನಾನು ತೋಟದಲ್ಲಿ ಏನನ್ನಾದರೂ ಬೇರೆ ರೀತಿ ಮಾಡುತ್ತೇನೆಯೇ? ಉತ್ತರ ಇಲ್ಲವಾದರೆ ದುಡ್ಡು ಉಳಿಸಿ.

ಆ ಪ್ರಶ್ನೆಗೆ ಹೌದು ಎನ್ನುವ ಮೊದಲ ಸೆನ್ಸರ್ ನನ್ನ ಲೆಕ್ಕದಲ್ಲಿ ಎಲೆಯ ತೇವದ್ದು. ಅಡಿಕೆ ಗೊನೆ ಕೊಳೆಯಿಸುವ ಕೊಳೆರೋಗ ಯಾರಿಗೆ ಗೊತ್ತಿಲ್ಲ ಇಲ್ಲಿ! ಅದಕ್ಕೆ ಕಾರಣವಾದ ಫೈಟಾಪ್ತೊರಾ ಎಂಬ ರೋಗಾಣುವನ್ನು ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ವಿವರಿಸಿದರು. ಅದು ಹರಡಲು ಬೇಕಾದದ್ದು ಬಿಡದ ಒದ್ದೆ. ಮಳೆ ಎಷ್ಟು ಬಿತ್ತು ಎನ್ನುವಷ್ಟೇ, ಗೊನೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎನ್ನುವುದೂ ಮುಖ್ಯ. ಅರ್ಧ ಇಂಚು ಮಳೆ ಒಂದೇ ಗಂಟೆಯಲ್ಲಿ ಹೊಯ್ದು ಬಿಸಿಲು ಬಿದ್ದರೆ ಒಂದು ಕಥೆ, ಅದೇ ಅರ್ಧ ಇಂಚು ಜಿಟಿಜಿಟಿಯಾಗಿ ಎರಡು ದಿನ ಹಿಡಿದರೆ ಇನ್ನೊಂದು. ಮಳೆಮಾಪಕಕ್ಕೆ ಎರಡೂ ಒಂದೇ ಅಂಕಿ. ಎಲೆಯಾಕಾರದ ಈ ಸೆನ್ಸರ್ ವ್ಯತ್ಯಾಸವನ್ನು ಗಂಟೆಗಳಲ್ಲಿ ತೋರಿಸುತ್ತದೆ. ತೋಟದ ಒಳಗೆ, ಓರೆಯಾಗಿ ಕಟ್ಟಿ. ಗೊನೆ ಇರುವುದು ಮೇಲೆ, ಸೆನ್ಸರ್ ಇರುವುದು ಕೆಳಗೆ, ಹಾಗಾಗಿ ಅಂಕಿಯನ್ನು ಹಾಗೆಯೇ ನಂಬಬೇಕಿಲ್ಲ. ಈ ವಾರ ಹೋದ ವಾರಕ್ಕಿಂತ ಹೇಗೆ, ಈ ವರ್ಷ ಹೋದ ವರ್ಷಕ್ಕಿಂತ ಹೇಗೆ ಎಂದು ಹೋಲಿಸಿ. ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವ ಕೊನೆಗಾರರನ್ನು ಕರೆಯುವಾಗ, ಮಳೆ ಹೊಳವಾದ ಮೇಲೆ ತೋಟ ಒಣಗಲು ನಿಮ್ಮಲ್ಲಿ ಎಷ್ಟು ಹೊತ್ತು ಬೇಕು ಎಂಬ ಅಂದಾಜು ಕೈಯಲ್ಲಿದ್ದರೆ ಮೈಲುತುತ್ತು, ಸುಣ್ಣ, ಕೂಲಿ ಯಾವುದೂ ನೀರುಪಾಲಾಗುವುದಿಲ್ಲ.

ಎರಡನೆಯದು ಮಣ್ಣಿನ ತೇವ. ಇದು ಬೇಸಿಗೆಯ ಸೆನ್ಸರ್. ಎರಡು ಲೋಹದ ಕಡ್ಡಿಯ ಅಗ್ಗದ ನಮೂನೆ ಬೇಡ, ಅದು ಬೇಗ ತುಕ್ಕು ಹಿಡಿಯುತ್ತದೆ. ಕೆಪ್ಯಾಸಿಟಿವ್ ಎಂದು ಬರೆದದ್ದನ್ನು ತನ್ನಿ. ಹೂಳುವಾಗ ಸುತ್ತ ಗಾಳಿ ಉಳಿಯದಂತೆ ಮಣ್ಣನ್ನು ಒತ್ತಿ, ಇಲ್ಲದಿದ್ದರೆ ಒದ್ದೆ ಮಣ್ಣನ್ನೂ ಒಣ ಎನ್ನುತ್ತದೆ. ನಿಮ್ಮ ತೋಟದ ಮಣ್ಣನ್ನು ಪೂರ್ತಿ ಒಣಗಿಸಿ ಒಂದು ಸಲ, ನೀರು ಕುಡಿಸಿ ಒಂದು ಸಲ ಅಳೆದು ಎರಡು ಗುರುತು ಮಾಡಿಕೊಳ್ಳಿ. ನಮ್ಮ ಜಂಬಿಟ್ಟಿಗೆ ಮಣ್ಣಿಗೂ ಬಯಲುಸೀಮೆಯ ಎರೆಮಣ್ಣಿಗೂ ಕಾರ್ಖಾನೆಯ ಒಂದೇ ಗುರುತು ಹೊಂದುವುದಿಲ್ಲ.

ಮೂರನೆಯದು ಎರಡನೇ ಉಷ್ಣತೆ ಸೆನ್ಸರ್, ತೋಟದ ತಳದಲ್ಲಿ. ಚಳಿಗಾಲದ ರಾತ್ರಿ ತಣ್ಣನೆ ಗಾಳಿ ಇಳಿದು ಕಣಿವೆಯಲ್ಲಿ ತಂಗುತ್ತದೆ; ಮೇಲಿನ ಮನೆಗೂ ಕೆಳಗಿನ ತೋಟಕ್ಕೂ ಬೆಳಗಿನ ಜಾವ ಇರುವ ಅಂತರ ನೋಡಿದರೆ ಆಶ್ಚರ್ಯವಾಗುತ್ತದೆ. ಗಾಳಿಯ ಸೆನ್ಸರ್ ನಮ್ಮಲ್ಲಿ ಕಡೆಗೆ ಬರಲಿ. ಮರಗಳ ನಡುವೆ ಅದು ಹೇಳುವುದು ಮರಗಳ ನಡುವಿನ ಗಾಳಿಯನ್ನಷ್ಟೇ. ಸಿಡಿಲಿನ ಸೆನ್ಸರ್ ಸುಮಾರು 40 ಕಿಲೋಮೀಟರ್ ದೂರದ ಮಿಂಚನ್ನು ಗುರುತಿಸಬಲ್ಲದು, ಆದರೆ ಪಂಪ್‌ಸೆಟ್ ಸ್ಟಾರ್ಟರಿನ ಕಿಡಿಯನ್ನೂ ಮಿಂಚೆಂದು ಎಣಿಸಬಹುದು. ಜೀವದ ಪ್ರಶ್ನೆ ಬಂದಾಗ ಅದನ್ನು ನೆಚ್ಚಿ ಕೂರಬೇಡಿ. ಗುಡುಗು ಕೇಳಿದೊಡನೆ ಒಳಗೆ ಬನ್ನಿ. ಸಿಡಿಲಿನ ಎಚ್ಚರಿಕೆ ಕೊಡುವ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಮೊಬೈಲಿನಲ್ಲಿರಲಿ.

ಸೆನ್ಸರ್ ಹೆಚ್ಚಾದಂತೆ ಸಿಗ್ನಲ್ಲಿನ ಪಾಡು ಹೆಚ್ಚುತ್ತದೆ. ಪೆಟ್ಟಿಗೆಯ ಮೇಲೆ 100 ಮೀಟರ್ ಎಂದು ಬರೆದಿರುತ್ತದೆ. ಅದು ಬಯಲಿನ ಲೆಕ್ಕ. ಜಂಬಿಟ್ಟಿಗೆ ಗೋಡೆ, ಒದ್ದೆ ಎಲೆ, ನಡುವೆ ಒಂದು ಏರಿ ಇದ್ದರೆ ಎಷ್ಟೋ ಕಡಿಮೆ. ಕನ್ಸೋಲನ್ನು ತೋಟದ ಕಡೆಯ ಕಿಟಕಿಗೆ ತನ್ನಿ. ಇನ್ನೂ ದೂರವಾದರೆ ಲೋರಾ ಎಂಬ, ದೂರಕ್ಕೆ ಸಿಗ್ನಲ್ ಕಳಿಸುವ ರೇಡಿಯೋ ತಂತ್ರಜ್ಞಾನದ ಸೆನ್ಸರ್ ನೋಡಿ. ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ 865 ಮೆಗಾಹರ್ಟ್ಸ್ ಪಟ್ಟಿಯದ್ದಾಗಿರಬೇಕು. ಅಮೆರಿಕದಿಂದ ಮಕ್ಕಳು ತರುವ ಕಿಟ್ 915ರದ್ದು, ಇಲ್ಲಿ ಬಳಸುವಂಥದ್ದಲ್ಲ, ಇಲ್ಲಿ ಕೊಂಡ ಸೆನ್ಸರ್ ಜೊತೆ ಹೊಂದುವುದೂ ಇಲ್ಲ. ಮೊದಲೇ ಹೇಳಿ ತರಿಸಿ.

ಕಡೆಯದಾಗಿ ಮಳೆಗಾಲದ ಆರೈಕೆ. ಮೂರು ದಿನ ಕರೆಂಟಿಲ್ಲ, ನೆಟ್‌ವರ್ಕಿಲ್ಲ. ಅಂಕಿ ಬೇಕಾದದ್ದೂ ಅದೇ ಮೂರು ದಿನ. ಆದ್ದರಿಂದ ಎಸ್‌ಡಿ ಕಾರ್ಡಿನಲ್ಲಿ ತಾನೇ ಬರೆದಿಡುವ ಕನ್ಸೋಲ್ ಆಗಿರಲಿ, ಅದಕ್ಕೊಂದು ಪವರ್ ಬ್ಯಾಂಕ್ ಇರಲಿ. ಸೋಲಾರ್ ಇದೆ ಎಂದು ಜೂನ್‌ನಲ್ಲಿ ಧೈರ್ಯ ಬೇಡ, ಮೇ ಕೊನೆಗೆ ಹೊಸ ಸೆಲ್ ಹಾಕಿ. ಕೊಳವೆಯಲ್ಲಿ ಎಲೆ ಚೂರು, ಜೇಡರ ಬಲೆ, ಬಟ್ಟಲಿನ ಕೆಳಗೆ ಕಣಜ ಕಟ್ಟಿದ ಮಣ್ಣಿನ ಗೂಡು, ಇವನ್ನು ವಾರಕ್ಕೊಮ್ಮೆ ನೋಡಲೇಬೇಕು. ಜೋರು ಮಳೆಯಲ್ಲಿ ಕನ್ಸೋಲ್ ಸೊನ್ನೆ ತೋರಿಸಿದರೆ ಮೊದಲು ಅಲ್ಲಿ ನೋಡಿ. ತೇವಾಂಶದ ಸೆನ್ಸರ್ ವಾರಗಟ್ಟಲೆ 99ರಲ್ಲೇ ನಿಂತಿದ್ದರೆ ಜುಲೈನಲ್ಲಿ ಗಾಬರಿ ಬೇಡ, ಅಕ್ಟೋಬರಿನ ಬಿಸಿಲಿಗೂ ಇಳಿಯದಿದ್ದರೆ ಬದಲಿಸಿ.

ಈ ಮೇಜಿನ ಮೇಲೆ ಒಂದು ಮಳೆಮಾಪಕ, ಒಂದು ಬಾಟಲಿ ನೀರು ಇಟ್ಟಿದ್ದೇನೆ. ಈಗ ಎಲ್ಲರೂ ಹತ್ತಿರ ಬನ್ನಿ, ಮುಚ್ಚಳ ಬಿಚ್ಚಿ 200 ಮಿಲಿಲೀಟರ್ ತೊಟ್ಟಿಕ್ಕಿಸೋಣ. ಅದು ಇಳಿಯುವ ಅರ್ಧ ಗಂಟೆಯಲ್ಲಿ ನಿಮ್ಮ ಪ್ರಶ್ನೆಗಳನ್ನು ಕೇಳಿ.