ಅರಿಜೋನಾ ಹಡಗಿನ ಮೇಲೆ ನಿಂತಾಗ

ಎಲ್ಲರಿಗೂ ನಮಸ್ಕಾರ. ಹವಾಯಿ ಪ್ರವಾಸದ ಬಗ್ಗೆ ಮಾತಾಡಿ ಎಂದು ಕರೆದಿರಿ. ಅಲ್ಲಿನ ಬೀಚುಗಳ ಕಥೆ ಹೇಳುವವರು ತುಂಬಾ ಜನ ಇದ್ದಾರೆ. ನಾನು ಅಲ್ಲಿನ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್‌ನಲ್ಲಿ ಕಂಡ ಒಂದು ಹನಿ ಎಣ್ಣೆಯಿಂದ ಶುರು ಮಾಡುತ್ತೇನೆ.

ದಡದಿಂದ ನೌಕಾಪಡೆಯ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ನೀರಿನ ಮೇಲೆ ಸೇತುವೆಯಂಥ ಬಿಳಿ ಸ್ಮಾರಕ ಕಟ್ಟಡ, 184 ಅಡಿ ಉದ್ದ. ಅದರ ಕೆಳಗೆ ಅಡ್ಡಲಾಗಿ ಮಲಗಿದೆ ಯುಎಸ್‌ಎಸ್ ಅರಿಜೋನಾ, 1941ರಲ್ಲಿ ಜಪಾನಿನ ದಾಳಿಗೆ ಮುಳುಗಿದ ಅಮೆರಿಕದ ಯುದ್ಧನೌಕೆ. ಕಟ್ಟಡ ಹಡಗನ್ನು ಎಲ್ಲೂ ಮುಟ್ಟುವುದಿಲ್ಲ. ಬಗ್ಗಿ ನೋಡಿದೆ. ತುಕ್ಕು ಹಿಡಿದ ಕಬ್ಬಿಣ, ಸುತ್ತ ಮೀನು. ಅಷ್ಟರಲ್ಲಿ ಕೆಳಗಿನಿಂದ ಒಂದು ಕಪ್ಪು ಹನಿ ಎದ್ದು ಬಂತು. ನೀರಿನ ಮೇಲೆ ಹರಡಿ ಕಾಮನಬಿಲ್ಲಿನ ಬಣ್ಣಕ್ಕೆ ತಿರುಗಿತು. ಅದು 1941ರ ಎಣ್ಣೆ. ದಾಳಿಯ ಹಿಂದಿನ ದಿನವಷ್ಟೇ ಹಡಗಿಗೆ ತುಂಬಿಸಿದ್ದರಂತೆ. ಇವತ್ತಿಗೂ ಸೋರುತ್ತಲೇ ಇದೆ.

ಡಿಸೆಂಬರ್ 7, ಭಾನುವಾರ. ಬೆಳಿಗ್ಗೆ ಎಂಟು ದಾಟಿತ್ತು. ಜಪಾನಿನ ವಿಮಾನ ಹಾಕಿದ ಬಾಂಬು ಹಡಗಿನ ಮುಂಭಾಗಕ್ಕೆ ಬಿತ್ತು. ಅಲ್ಲೇ ಮದ್ದುಗುಂಡಿನ ಕೋಣೆ ಇತ್ತು. 1,177 ಜನ ಸತ್ತರು. ಅವರಲ್ಲಿ 900ಕ್ಕಿಂತ ಜಾಸ್ತಿ ಜನ ಇನ್ನೂ ಒಳಗೇ ಇದ್ದಾರೆ.

ಕಟ್ಟಡದ ಕೊನೆಯಲ್ಲಿ ಅಮೃತಶಿಲೆಯ ಗೋಡೆ. ಅದರ ತುಂಬ ಹೆಸರುಗಳು. ಓದುತ್ತಾ ಹೋದರೆ ಒಂದೇ ಮನೆತನದ ಹೆಸರು ಜೊತೆಜೊತೆಗೇ ಸಿಗುತ್ತದೆ. 37 ಮನೆಗಳ ಅಣ್ಣತಮ್ಮಂದಿರು ಆ ಒಂದೇ ಹಡಗಿನಲ್ಲಿದ್ದರು. ಒಟ್ಟು 77 ಜನ. 62 ಜನ ತೀರಿಕೊಂಡರು. ಒಬ್ಬ ಅಪ್ಪ, ಅವನ ಮಗ ಕೂಡ. ಆ ಮನೆಗಳ ತಾಯಂದಿರು ನೆನಪಾಗಿ, ಮುಂದಿನ ಸಾಲು ಓದಲು ನನ್ನಿಂದ ಆಗಲಿಲ್ಲ.

ಈ ಸ್ಮಾರಕವನ್ನು ವಿನ್ಯಾಸ ಮಾಡಿದವರು ಆಲ್‌ಫ್ರೆಡ್ ಪ್ರೈಸ್. ನಾಜಿಗಳ ಕಾಟಕ್ಕೆ ವಿಯೆನ್ನಾ ಬಿಟ್ಟು ಬಂದವರು. ದಾಳಿಯಾದ ಮೇಲೆ ಅಮೆರಿಕ ಅವರನ್ನೇ ಶತ್ರುದೇಶದವರೆಂದು ಕೂಡಿಹಾಕಿತ್ತು! ಅಂಥವರು ಅದೇ ದೇಶದ ದುಃಖಕ್ಕೆ ರೂಪ ಕೊಟ್ಟರು. ಸ್ಮಾರಕ ತೆರೆದದ್ದು 1962ರಲ್ಲಿ. ನನಗೆ ಇದು ದೊಡ್ಡ ವಿಷಯ.

ಎಣ್ಣೆಯನ್ನಾದರೂ ತೆಗೆದುಬಿಡಬಹುದಲ್ವಾ ಎಂದು ನೀವು ಕೇಳಬಹುದು. ಸಮುದ್ರಕ್ಕೆ ಅದು ಒಳ್ಳೆಯದಲ್ಲ, ನಿಜ. ಆದರೆ ಅದಕ್ಕೆ ಹಡಗನ್ನು ಕೊರೆಯಬೇಕು. ಅದು ಸಮಾಧಿ. ಕೈ ಹಾಕದೆ ಬಿಟ್ಟಿದ್ದೇ ಸರಿ ಎಂದು ನನಗನಿಸುತ್ತದೆ.

ಇನ್ನೊಬ್ಬರ ಬಗ್ಗೆ ಹೇಳಲೇಬೇಕು. ಅರಿಜೋನಾದಲ್ಲಿದ್ದ ನಾವಿಕ ಲಾರೆನ್ ಬ್ರೂನರ್. ಅವತ್ತು ಅವರ ಮೈಯೆಲ್ಲ ಸುಟ್ಟಿತ್ತು. ಪಕ್ಕದ ವೆಸ್ಟಲ್ ಹಡಗಿನಿಂದ ಜೋ ಜಾರ್ಜ್ ಎಂಬ ನಾವಿಕ ಹಗ್ಗ ಎಸೆದರು. ಕೆಳಗೆ ಎಣ್ಣೆ ಹೊತ್ತಿ ಉರಿಯುತ್ತಿತ್ತು. ಸುಟ್ಟ ಕೈಗಳಲ್ಲೇ ಆ ಹಗ್ಗಕ್ಕೆ ಜೋತುಬಿದ್ದು ಆರು ಜನ ಆ ಕಡೆ ದಾಟಿದರು. ಅವರಲ್ಲಿ ಬ್ರೂನರ್ ಒಬ್ಬರು.

ಬದುಕುಳಿದವರಿಗೆ ಒಂದು ಹಕ್ಕಿತ್ತು. ಬೇಕೆಂದರೆ, ಸತ್ತ ಮೇಲೆ ತಮ್ಮ ಬೂದಿಯನ್ನು ಇದೇ ಹಡಗಿನೊಳಗೆ ಇಡಿಸಿಕೊಳ್ಳಬಹುದಿತ್ತು. ಬ್ರೂನರ್ 98 ವರ್ಷ ಬಾಳಿದರು. 2019ರ ಡಿಸೆಂಬರ್ 7ರಂದು ಮುಳುಗುಗಾರರು ಅವರ ಬೂದಿಯ ಪಾತ್ರೆ ಹಿಡಿದು ನೀರಿಗಿಳಿದರು. ಹಾಗೆ ಜೊತೆಗಾರರ ಹತ್ತಿರ ವಾಪಸ್ ಹೋದವರಲ್ಲಿ ಅವರೇ ಕೊನೆಯವರು.